ಸುಕ್ಕಿಗೆ ಯಾವ ಸಂಖ್ಯೆಯೂ ಗೊತ್ತಿಲ್ಲ

ನಿಸರ್ಗಕ್ಕೂ ಗಣಿತಕ್ಕೂ ಇರುವ ನಂಟಿನ ಬಗ್ಗೆ ನಮ್ಮಲ್ಲಿ ಯಾರೇ ಮಾತಾಡಲಿ, ಯಾರೇ ಬರೆಯಲಿ, ಮೂರು ಚಿತ್ರ ಬಂದೇ ಬರುತ್ತವೆ: ನಡುವೆ ಸೀಳಿದ ನಾಟಿಲಸ್ ಚಿಪ್ಪು, ಸೂರ್ಯಕಾಂತಿ ಹೂವಿನ ಬಿಲ್ಲೆ, ಅಥೆನ್ಸಿನ ಪಾರ್ಥೆನಾನ್ ದೇಗುಲ. ಮೂರರ ಮೇಲೂ ಒಂದೇ ಸುರುಳಿ ಎಳೆದಿರುತ್ತದೆ, ಅಡಿಯಲ್ಲಿ 1.618 ಎಂಬ ಸಂಖ್ಯೆ ಇರುತ್ತದೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಥರ್ಮೊಕೋಲ್ ಹಲಗೆಯಿಂದ ಹಿಡಿದು ಭಾನುವಾರದ ಪುರವಣಿಯವರೆಗೆ ಹೇಳುವ ಮಾತು ಒಂದೇ. ನಿಸರ್ಗದ ಬಳಿ ಒಂದು ಗುಟ್ಟಿನ ಸಂಖ್ಯೆ ಇದೆ, ಅದರ ಹೆಸರು ಸುವರ್ಣ ಅನುಪಾತ. ಹೂವು, ಚಿಪ್ಪು, ಮುಖ ಎಲ್ಲವೂ ಅದರ ಅಳತೆಗೆ ಸರಿಯಾಗಿ ಮೂಡುತ್ತವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದರಲ್ಲಿ ಅಳತೆಯ ತಪ್ಪುಗಳಿವೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಗಣಿತ ನಿಸರ್ಗದಲ್ಲಿ ಎಲ್ಲಿದೆ, ಅಲ್ಲಿ ಅದರ ಕೆಲಸವೇನು ಎಂಬುದನ್ನೇ ಇದು ಮರೆಮಾಡುತ್ತದೆ.

ಚಿಪ್ಪಿನಿಂದಲೇ ಶುರು ಮಾಡೋಣ. ಸುವರ್ಣ ಅನುಪಾತದ ಸುರುಳಿ ಒಂದು ಪೂರ್ತಿ ಸುತ್ತು ಮುಗಿಸುವಷ್ಟರಲ್ಲಿ ಕೇಂದ್ರದಿಂದ ಅದರ ದೂರ ಸುಮಾರು 6.85 ಪಟ್ಟಾಗಿರಬೇಕು. ನಾಟಿಲಸ್ ಒಂದು ಸುತ್ತಿಗೆ ಹಿಗ್ಗುವುದು ಹೆಚ್ಚುಕಡಿಮೆ ಮೂರು ಪಟ್ಟು ಮಾತ್ರ. ಅಮೆರಿಕದ ಗಣಿತಜ್ಞ ಕ್ಲೆಮೆಂಟ್ ಫಾಲ್ಬೊ ವಸ್ತುಸಂಗ್ರಹಾಲಯದ ಚಿಪ್ಪುಗಳನ್ನು ಅಳೆದು 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಾಲು ಸುತ್ತಿನ ಅನುಪಾತ ಸರಾಸರಿ 1.33ರ ಆಸುಪಾಸಿನಲ್ಲಿತ್ತು, 1.618ರ ಹತ್ತಿರಕ್ಕೂ ಸುಳಿಯಲಿಲ್ಲ. ಒಂದು ಅಡಿಪಟ್ಟಿ ಇದ್ದರೆ ಸಾಕು, ಅಚ್ಚಾದ ಚಿತ್ರದ ಮೇಲೆಯೇ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಆದರೂ ಚಿತ್ರ ಹಾಗೆಯೇ ಓಡಾಡುತ್ತಿದೆ.

ಹಾಗಾದರೆ ಚಿಪ್ಪಿನಲ್ಲಿ ಗಣಿತವೇ ಇಲ್ಲವೆ? ಇದೆ, ಬಹಳ ಸೊಗಸಾದದ್ದೇ ಇದೆ. ಆ ಪ್ರಾಣಿ ಹೊಸ ಚಿಪ್ಪನ್ನು ಕಟ್ಟುವುದು ಬಾಯಂಚಿನಲ್ಲಿ ಮಾತ್ರ; ಹಳೆಯ ಭಾಗ ಇದ್ದಂತೆಯೇ ಉಳಿಯುತ್ತದೆ. ಬಾಯಂಚಿನ ಹೊರಬದಿ ಒಳಬದಿಗಿಂತ ಒಂದೇ ಪ್ರಮಾಣದಲ್ಲಿ ಬೇಗ ಬೆಳೆಯುತ್ತ ಹೋದರೆ, ಗಾತ್ರ ಹೆಚ್ಚಿದರೂ ಆಕಾರ ಬದಲಾಗದಿದ್ದರೆ, ಅಲ್ಲಿ ಮೂಡುವುದು ಲಾಗರಿದಮಿಕ್ ಸುರುಳಿಯೇ. ಸ್ಕಾಟ್ಲೆಂಡಿನ ಡಾರ್ಸಿ ಥಾಂಪ್ಸನ್ ತನ್ನ 'ಆನ್ ಗ್ರೋತ್ ಅಂಡ್ ಫಾರ್ಮ್' ಗ್ರಂಥದಲ್ಲಿ 1917ರಷ್ಟು ಹಿಂದೆಯೇ ಇದನ್ನು ಬಿಡಿಸಿ ಬರೆದಿದ್ದಾನೆ. ಆ ಪ್ರಮಾಣ ಎಷ್ಟು ಎಂಬುದು ಬಸವನಹುಳುವಿಗೆ ಒಂದು, ಶಂಖಕ್ಕೆ ಒಂದು, ನಾಟಿಲಸ್‌ಗೆ ಇನ್ನೊಂದು. ಸುರುಳಿ ಯಾಕೆ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು, ಆ ಉತ್ತರಕ್ಕೆ ಯಾವ ಮಂತ್ರಸಂಖ್ಯೆಯೂ ಬೇಕಾಗಲಿಲ್ಲ.

ಪಾರ್ಥೆನಾನ್, ಮೋನಾಲಿಸಾ, ಸುಂದರ ಮುಖ ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದು ಬೇಡ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದು ಅಳೆಯುವವನ ಇಷ್ಟಕ್ಕೆ ಬಿಟ್ಟದ್ದಾದರೆ ಯಾವ ಮುಖದಲ್ಲಿ ಬೇಕಾದರೂ ಯಾವ ಅನುಪಾತ ಬೇಕಾದರೂ ಸಿಗುತ್ತದೆ. ಮನುಷ್ಯದೇಹದಿಂದ ಹಿಡಿದು ಇಡೀ ಸೃಷ್ಟಿಗೇ ಸುವರ್ಣ ಅನುಪಾತವೇ ನಿಯಮ ಎಂದು ದೊಡ್ಡದಾಗಿ ಸಾರಿದವನು ಜರ್ಮನಿಯ ಅಡಾಲ್ಫ್ ಝೈಸಿಂಗ್, 1854ರಲ್ಲಿ. ಇಂಥ ನಂಬಿಕೆಗಳನ್ನು ಜಾರ್ಜ್ ಮಾರ್ಕೊವ್ಸ್ಕಿ 1992ರಲ್ಲಿ ಒಂದೊಂದಾಗಿ ಬಿಡಿಸಿ, ಅಳತೆಗಳು ಹೇಗೆ ಬೇಕಾದಂತೆ ಬಾಗಿವೆ ಎಂದು ತೋರಿಸಿದ.

ಸೂರ್ಯಕಾಂತಿಯ ವಿಷಯ ಬೇರೆ. ಅಲ್ಲಿ ಸುವರ್ಣ ಅನುಪಾತಕ್ಕೆ ನಂಟಿರುವ ಫಿಬೊನಾಚಿ ಸಂಖ್ಯೆಗಳು, ಅಂದರೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸರಣಿಯ ಸಂಖ್ಯೆಗಳು, ನಿಜವಾಗಿಯೂ ಇವೆ. ಬೀಜಗಳ ಸುರುಳಿಸಾಲುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಣಿಸಿದರೆ 34 ಮತ್ತು 55, ದೊಡ್ಡ ಹೂವಾದರೆ 55 ಮತ್ತು 89 ಸಿಗುವುದು ಸಾಮಾನ್ಯ. ಅನಾನಸಿನ ಕಣ್ಣುಗಳಲ್ಲಿ 8, 13. ಆದರೆ ಇಲ್ಲಿಯೂ 'ನಿಸರ್ಗ ಈ ಸಂಖ್ಯೆಯನ್ನು ಆರಿಸಿಕೊಂಡಿದೆ' ಎನ್ನುವುದು ಸುಳ್ಳು. ಮ್ಯಾಂಚೆಸ್ಟರಿನಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ನೆನಪಿಗೆಂದು ಜನಸಾಮಾನ್ಯರು ಬೆಳೆಸಿ ಕಳಿಸಿದ 657 ಸೂರ್ಯಕಾಂತಿಗಳನ್ನು ಎಣಿಸಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸ್ಪಷ್ಟವಾಗಿ ಎಣಿಸಲು ಬಂದ 768 ಸುರುಳಿ ಲೆಕ್ಕಗಳಲ್ಲಿ 565 ಫಿಬೊನಾಚಿ ಸಂಖ್ಯೆಗಳು. ಉಳಿದವು ಅಲ್ಲ. ಕೆಲವು ಫಿಬೊನಾಚಿಗೆ ನಂಟಿರುವ ಬೇರೆ ಸರಣಿಗಳಿಗೆ ಸೇರಿದವು, ಕೆಲವು ಒಂದು ಹೆಚ್ಚು ಒಂದು ಕಡಿಮೆ, ಕೆಲವು ಯಾವ ಸರಣಿಗೂ ಸೇರದವು. ಗುಟ್ಟಿನ ಸಂಖ್ಯೆಯ ಭಕ್ತರಿಗೆ ಈ ಕಾಲುಭಾಗ ಒಂದು ಕಿರಿಕಿರಿ, ಲೆಕ್ಕದಿಂದ ಹೊರಗಿಡಬೇಕಾದ ದೋಷ. ಕಾರಣ ಹುಡುಕುವವರಿಗೆ ಅದೇ ಮುಖ್ಯ ಸುಳಿವು. ಹೂವು ಲೆಕ್ಕ ಬರೆದಿಟ್ಟುಕೊಂಡು ಬೆಳೆಯುತ್ತಿಲ್ಲ. ಅಲ್ಲಿ ನಡೆಯುತ್ತಿರುವ ಏನೋ ಒಂದು ಕ್ರಿಯೆಯ ಫಲವಾಗಿ ಆ ಸಂಖ್ಯೆ ಬಹಳ ಸಲ ಬರುತ್ತಿದೆ, ಕೆಲವು ಸಲ ತಪ್ಪುತ್ತಿದೆ.

ಆ ಕ್ರಿಯೆ ಏನೆಂದು ಫ್ರಾನ್ಸಿನ ಸ್ಟೆಫಾನ್ ದುವಾದಿ ಮತ್ತು ಈವ್ ಕುದೆ 1992ರಲ್ಲಿ ಗಿಡವೇ ಇಲ್ಲದೆ ತೋರಿಸಿದರು. ಎಣ್ಣೆ ತುಂಬಿದ ತಟ್ಟೆ, ಅದರ ನಡುವಿಗೆ ಒಂದೊಂದಾಗಿ ಬೀಳುವ ಕಾಂತೀಯ ದ್ರವದ ಹನಿಗಳು. ಕಾಂತಕ್ಷೇತ್ರದಲ್ಲಿ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಅಂಚಿನತ್ತ ಸರಿಯುತ್ತವೆ. ಹೊಸ ಹನಿ ಹಿಂದಿನ ಹನಿಗಳಿಂದ ಆದಷ್ಟು ದೂರದ ಜಾಗಕ್ಕೆ ಹೋಗುತ್ತದೆ. ಹನಿಗಳು ನಿಧಾನವಾಗಿ ಬಿದ್ದರೆ ಎದುರುಬದುರು ಸಾಲು. ವೇಗ ಹೆಚ್ಚಿಸುತ್ತ ಹೋದರೆ ಸಾಲು ಒಡೆದು ಸುರುಳಿಯಾಗುತ್ತದೆ, ಒಂದು ಹನಿಗೂ ಮುಂದಿನದಕ್ಕೂ ನಡುವಿನ ಕೋನ 137.5 ಡಿಗ್ರಿಯತ್ತ, ಅಂದರೆ ಸುವರ್ಣ ಕೋನದತ್ತ, ಸರಿಯುತ್ತದೆ, ಸುರುಳಿಗಳ ಎಣಿಕೆ ಫಿಬೊನಾಚಿ ಆಗುತ್ತದೆ. ಗಿಡದ ಕುಡಿಯಲ್ಲಿ ಈ ತಳ್ಳಾಟದ ಕೆಲಸವನ್ನು ಆಕ್ಸಿನ್ ಎಂಬ ಸಸ್ಯ ಹಾರ್ಮೋನು ಮಾಡುತ್ತದೆ: ಮೂಡುತ್ತಿರುವ ಪ್ರತಿ ಮೊಗ್ಗೂ ಸುತ್ತಲಿನ ಆಕ್ಸಿನ್ ಎಳೆದುಕೊಳ್ಳುವುದರಿಂದ ಪಕ್ಕದಲ್ಲೇ ಇನ್ನೊಂದು ಮೂಡಲಾರದು. ಸುವರ್ಣ ಕೋನ ಇಲ್ಲಿ ಕೊನೆಗೆ ಬಂದು ನಿಲ್ಲುವ ಫಲ. ಕುಡಿಯ ಗಾತ್ರ, ಮೊಗ್ಗಿನ ಗಾತ್ರ, ಮೂಡುವ ವೇಗ, ಇವು ಕಾರಣ. ಕಾರಣ ಏರುಪೇರಾದಾಗ ಸಂಖ್ಯೆಯೂ ತಪ್ಪುತ್ತದೆ, ಮ್ಯಾಂಚೆಸ್ಟರಿನ ಹೂಗಳಲ್ಲಿ ತಪ್ಪಿದ ಹಾಗೆ.

ನಮ್ಮ ಕಡೆ ಈ ನಂಬಿಕೆಗೆ ಇನ್ನೊಂದು ಬಣ್ಣ ಸೇರಿದೆ. ಫಿಬೊನಾಚಿಗಿಂತ ಮೊದಲೇ ವಿರಹಾಂಕ, ಹೇಮಚಂದ್ರರಿಗೆ ಈ ಸಂಖ್ಯೆಗಳು ಗೊತ್ತಿದ್ದವು, ಆದ್ದರಿಂದ ನಿಸರ್ಗದ ಗುಟ್ಟು ನಮ್ಮ ಪೂರ್ವಿಕರಿಗೆ ತಿಳಿದಿತ್ತು ಎಂಬ ವಾದ. ಮೊದಲ ಅರ್ಧ ನಿಜ. ಎರಡನೆಯ ಅರ್ಧ ಅವರ ನಿಜವಾದ ಸಾಧನೆಗೇ ಅವಮಾನ. ಅವರು ಎಣಿಸಿದ್ದು ಹೂವಿನ ದಳಗಳನ್ನಲ್ಲ, ಛಂದಸ್ಸನ್ನು. ಇಷ್ಟು ಮಾತ್ರೆಯನ್ನು ಲಘು, ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು ಎಂಬುದು ಪ್ರಶ್ನೆ. ನಾಲ್ಕು ಮಾತ್ರೆಗೆ ಐದು ಬಗೆ. ಕಂದಪದ್ಯ ಓದಿದ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಗೂ ಆ ಐದು ಗಣಗಳು ಗೊತ್ತು. ಕೊನೆಯದು ಲಘುವಾದರೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಮಾತ್ರೆ ಕಡಿಮೆ. ಹಾಗಾಗಿ ಹಿಂದಿನ ಎರಡು ಎಣಿಕೆ ಕೂಡಿದರೆ ಮುಂದಿನದು. ಇದು ಚೊಕ್ಕ ಗಣಿತ. ಸಂಖ್ಯೆ ಯಾಕೆ ಹಾಗೆ ಬಂತು ಎಂಬ ಕಾರಣವನ್ನು ಕೈಯಲ್ಲಿಟ್ಟು ತೋರಿಸುವ ಗಣಿತ. ಅದನ್ನು ಸೂರ್ಯಕಾಂತಿಗೆ ಅಂಟಿಸಿ ಹಿಗ್ಗುವುದರಲ್ಲಿ ಹೇಮಚಂದ್ರನ ಗೌರವ ಹೆಚ್ಚುವುದಿಲ್ಲ.

ಸುವರ್ಣ ಅನುಪಾತದ ಮಾತಿನಿಂದ ಆದ ದೊಡ್ಡ ನಷ್ಟವೆಂದರೆ ಸುಕ್ಕು, ನೆರಿಗೆ, ಮಡಿಕೆಗಳ ಗಣಿತ ನಮ್ಮ ಓದುಗರವರೆಗೆ ಬಂದೇ ಇಲ್ಲ. ಅಲ್ಲಿ ಯಾವ ಪವಿತ್ರ ಸಂಖ್ಯೆಯೂ ಇಲ್ಲವಲ್ಲ, ಹಲಗೆಯ ಮೇಲೆ ಬರೆದು ತೋರಿಸಲು ಏನೂ ಸಿಗುವುದಿಲ್ಲ. ಆದರೆ ನಿಸರ್ಗದಲ್ಲಿ ಗಣಿತ ಕೆಲಸ ಮಾಡುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ಒಂದು ಬದಿಯಿಂದ ಬೆರಳಲ್ಲಿ ಮೆಲ್ಲನೆ ದೂಡಿ ನೋಡಿ. ಹತ್ತಿರಹತ್ತಿರ ಒಂದೇ ಅಂತರದ ಸುಕ್ಕುಗಳು ಏಳುತ್ತವೆ. ಆ ಅಂತರವನ್ನು ಯಾರು ನಿರ್ಧರಿಸಿದರು? ಕೆನೆಗೆ ಬಾಗುವುದು ಕಷ್ಟ. ಅದರ ಮಟ್ಟಿಗೆ ಒಂದೇ ದೊಡ್ಡ ಅಲೆಯಾಗಿ ಎದ್ದರೆ ಸುಲಭ, ಯಾಕೆಂದರೆ ದೊಡ್ಡ ಅಲೆಯಲ್ಲಿ ಬಾಗು ಕಡಿಮೆ. ಆದರೆ ದೊಡ್ಡ ಅಲೆ ಎದ್ದರೆ ಕೆಳಗಿನ ಹಾಲನ್ನೂ ಅಷ್ಟೆತ್ತರ ಎಬ್ಬಿಸಬೇಕು, ಅದಕ್ಕೆ ಹಾಲಿನ ಭಾರ ಅಡ್ಡಬರುತ್ತದೆ. ಹಾಲಿನ ಮಟ್ಟಿಗೆ ಅಲೆ ಚಿಕ್ಕದಾದಷ್ಟೂ ಒಳ್ಳೆಯದು. ಈ ಎರಡರ ನಡುವೆ ಶಕ್ತಿಯ ಖರ್ಚು ಅತಿ ಕಡಿಮೆಯಾಗುವ ಒಂದು ಅಂತರವಿದೆ. ಸುಕ್ಕು ಅಲ್ಲಿ ನಿಲ್ಲುತ್ತದೆ. ಹಾರ್ವರ್ಡಿನ ಎಲ್. ಮಹಾದೇವನ್, ಮದ್ರಾಸ್ ಐಐಟಿಯಲ್ಲಿ ಓದಿದವರು, ಎನ್ರಿಕೆ ಸೆರ್ಡಾ ಜೊತೆಗೂಡಿ 2003ರಲ್ಲಿ ಈ ತರ್ಕವನ್ನು ಎಲ್ಲ ಬಗೆಯ ಸುಕ್ಕುಗಳಿಗೂ ಒಗ್ಗುವ ಲೆಕ್ಕವಾಗಿ ಬರೆದರು.

ಈ ಲೆಕ್ಕದ ಶಕ್ತಿ ನೋಡಿ. ತೆಳುವಾದ ಗಟ್ಟಿ ಪದರವೊಂದು ಆಳವಾದ ಮೆದು ವಸ್ತುವಿನ ಮೇಲೆ ಅಂಟಿಕೊಂಡಿದ್ದರೆ, ಸುಕ್ಕಿನ ಅಂತರ ಪದರದ ದಪ್ಪಕ್ಕೆ ನೇರ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ಅಂತರವೂ ಇಮ್ಮಡಿ. ಪದರದ ಗಡಸುತನಕ್ಕಾದರೆ ಸಂಬಂಧ ಘನಮೂಲದ್ದು. ಅಂತರವನ್ನು ಇಮ್ಮಡಿಗೊಳಿಸಲು ಗಡಸುತನ ಎಂಟು ಪಟ್ಟಾಗಬೇಕು. ಇಲ್ಲಿ ಸಂಖ್ಯೆ ಮುಖ್ಯವಲ್ಲ, ಏನನ್ನು ಎಷ್ಟು ಬದಲಿಸಿದರೆ ಯಾವುದು ಎಷ್ಟು ಬದಲಾಗುತ್ತದೆ ಎಂಬ ಸಂಬಂಧ ಮುಖ್ಯ. ಮಾತು ತಪ್ಪಾಗಿದ್ದರೆ ಪ್ರಯೋಗ ಅದನ್ನು ಅಲ್ಲೇ ಬೀಳಿಸುತ್ತದೆ. 1.618ರ ಮಾತನ್ನು ಬೀಳಿಸುವ ಪ್ರಯೋಗ ಯಾವುದು? ಹೊಂದಿದರೆ 'ನೋಡಿ, ಎಂಥ ಅದ್ಭುತ', ಹೊಂದದಿದ್ದರೆ 'ಸುಮಾರಾಗಿ ಹೊಂದುತ್ತದೆ'. ಸೋಲಲು ಸಿದ್ಧವಿಲ್ಲದ ಮಾತು ವಿಜ್ಞಾನದ ಮಾತಲ್ಲ.

ಇದೇ ಲೆಕ್ಕ ಮಿದುಳಿಗೂ ಬರುತ್ತದೆ. ಗರ್ಭದಲ್ಲಿ ಸುಮಾರು ಇಪ್ಪತ್ತು ವಾರಗಳವರೆಗೆ ಮಗುವಿನ ಮಿದುಳು ಬಹುತೇಕ ನುಣುಪು. ಆಮೇಲೆ ಹೊರಪದರ ಒಳಭಾಗಕ್ಕಿಂತ ವೇಗವಾಗಿ ಹರವುಗೊಳ್ಳುತ್ತದೆ, ಜಾಗ ಸಾಲದೆ ಮಡಚಿಕೊಳ್ಳುತ್ತದೆ. 2016ರಲ್ಲಿ ತುವೋಮಾಸ್ ಟಾಲಿನೆನ್, ಮಹಾದೇವನ್ ಮತ್ತು ಸಂಗಡಿಗರು ಭ್ರೂಣದ ಎಂಆರ್‌ಐ ಚಿತ್ರದಿಂದ ನುಣುಪಾದ ಜೆಲ್ ಮಿದುಳೊಂದನ್ನು ಎರಕ ಹೊಯ್ದು, ಅದಕ್ಕೆ ತೆಳು ಪದರ ಬಳಿದು, ಆ ಪದರ ಹೀರಿ ಉಬ್ಬುವ ದ್ರವದಲ್ಲಿ ಮುಳುಗಿಸಿದರು. ಸ್ವಲ್ಪ ಹೊತ್ತಿನಲ್ಲೇ ಅದು ಮಡಚಿಕೊಂಡಿತು. ಮುಖ್ಯ ಮಡಿಕೆಗಳ ದಿಕ್ಕು ನಿಜವಾದ ಮಿದುಳಿನದನ್ನು ಹೋಲುತ್ತಿತ್ತು. ಆ ಜೆಲ್ಲಿನಲ್ಲಿ ಜೀನ್ ಇರಲಿಲ್ಲ, ನರಕೋಶ ಇರಲಿಲ್ಲ. ನರತಂತುಗಳು ಎಳೆಯುವುದರಿಂದ ಮಡಿಕೆ ಬರುತ್ತದೆ ಎಂದು ಡೇವಿಡ್ ವ್ಯಾನ್ ಎಸೆನ್ 1997ರಲ್ಲಿ ಹೇಳಿದ್ದರು. 2010ರಲ್ಲಿ ಫೆರೆಟ್ ಎಂಬ ಪ್ರಾಣಿಯ ಮಿದುಳನ್ನು ಕೊಯ್ದು ನೋಡಿದಾಗ ಎಳೆತ ಇತ್ತು, ಆದರೆ ಅದು ಮಡಿಕೆಯನ್ನು ಮಾಡಬಲ್ಲ ಜಾಗದಲ್ಲಿರಲಿಲ್ಲ. ಎರಡು ವಿವರಣೆಗಳು ಎದುರುಬದುರಾಗಿ ನಿಂತು ಒಂದು ಹಿಂದೆ ಸರಿಯುವುದು ಸಾಧ್ಯವಾದದ್ದು ಎರಡೂ ಏನನ್ನೋ ಖಚಿತವಾಗಿ ಹೇಳಿದ್ದರಿಂದ.

ಹೀಗೆ ಹೇಳುವಾಗ ಜೀನ್‌ಗಳಿಗೆ ಕೆಲಸವಿಲ್ಲ ಎಂದಲ್ಲ. ಲಿಸೆನ್ಸೆಫಲಿ ಎಂಬ ಗಂಭೀರ ಕಾಯಿಲೆಯಲ್ಲಿ ಜೀನ್ ಕೆಟ್ಟು ನರಕೋಶಗಳು ತಮ್ಮ ಜಾಗಕ್ಕೆ ತಲುಪುವುದಿಲ್ಲ; ಹೊರಪದರ ಮಾಮೂಲಿಗಿಂತ ಬಹಳ ದಪ್ಪವಾಗುತ್ತದೆ, ಮಡಿಕೆಗಳು ಕೆಲವೇ ಆಗುತ್ತವೆ ಅಥವಾ ಇಲ್ಲವಾಗುತ್ತವೆ. ದಪ್ಪ ಹೆಚ್ಚಿದರೆ ಮಡಿಕೆ ಅಗಲವಾಗಿ ಎಣಿಕೆ ಇಳಿಯಬೇಕು ಎಂಬ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. ಜೀನ್ ನಿರ್ಧರಿಸುವುದು ದಪ್ಪವನ್ನು, ಬೆಳೆಯುವ ವೇಗವನ್ನು. ಮಡಿಕೆಯ ಗೆರೆಯನ್ನು ಅದು ಎಲ್ಲಿಯೂ ಬರೆದಿಟ್ಟಿಲ್ಲ. 'ಎಲ್ಲವೂ ಡಿಎನ್ಎಯಲ್ಲಿ ಬರೆದಿದೆ' ಎಂಬ ಮಾತು ಗುಟ್ಟಿನ ಸಂಖ್ಯೆಯ ಮಾತಿಗೆ ತೀರ ಹತ್ತಿರದ ನೆಂಟ, ಅದಕ್ಕೂ ಇದೇ ಉತ್ತರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಉತ್ಪಲ್ ನಾಥ್ ಅವರ ಕೆಲಸ ಇಲ್ಲಿ ನೆನಪಾಗಬೇಕು. ಇಂಗ್ಲೆಂಡಿನ ಸಂಗಡಿಗರೊಂದಿಗೆ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಸ್ನ್ಯಾಪ್‌ಡ್ರ್ಯಾಗನ್ ಗಿಡದ ಒಂದು ರೂಪಾಂತರದ ಮೇಲೆ. ಮಾಮೂಲಿ ಎಲೆ ಚಪ್ಪಟೆ. ಸಿನ್‌ಸಿನಾಟ ಎಂಬ ಜೀನ್ ಕೆಟ್ಟಿರುವ ಗಿಡದ ಎಲೆ ಅಂಚಿನುದ್ದಕ್ಕೂ ಸುಕ್ಕುಸುಕ್ಕು. ಸುಕ್ಕು ಬರಿಸುವ ಜೀನ್ ಹುಟ್ಟಿಕೊಂಡಿತೆ? ಇಲ್ಲ. ಎಲೆ ಬೆಳೆಯುವಾಗ ಕೋಶಗಳ ವಿಭಜನೆ ತುದಿಯಿಂದ ಬುಡದತ್ತ ನಿಲ್ಲುತ್ತ ಬರುತ್ತದೆ. ಈ ಗಿಡದಲ್ಲಿ ಅಂಚಿನ ಕೋಶಗಳು ಬೇಗ ನಿಲ್ಲುವುದಿಲ್ಲ. ಅಂಚು ನಡುವಿಗಿಂತ ಹೆಚ್ಚು ಬೆಳೆಯಿತು, ಹೆಚ್ಚಾದ ಅಂಚಿಗೆ ಚಪ್ಪಟೆಯಾಗಿ ಮಲಗಲು ಜಾಗವಿಲ್ಲ, ಅಲೆಯಾಗಿ ಎದ್ದಿತು. ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಸಂಗತಿ: ಇಲ್ಲಿ ವಿವರಣೆ ಬೇಕಾದದ್ದು ಸುಕ್ಕಿಗಲ್ಲ, ಚಪ್ಪಟೆಗೆ. ಸಾವಿರಾರು ಕೋಶಗಳು ಬೇರೆಬೇರೆ ವೇಗದಲ್ಲಿ ಬೆಳೆಯುತ್ತಿದ್ದರೂ ಎಲೆ ಚಪ್ಪಟೆಯಾಗಿ ಉಳಿಯುತ್ತದೆಂದರೆ ಅದರ ಹಿಂದೆ ಬಹಳ ಜಾಗರೂಕ ನಿಯಂತ್ರಣ ಇರಬೇಕು. ನಿಯಂತ್ರಣ ಸಡಿಲಿದರೆ ಸುಕ್ಕು ತಾನೇ ಬರುತ್ತದೆ.

ಪಟ್ಟೆ, ಚುಕ್ಕೆಗಳ ಕಥೆಯೂ ಹೀಗೆಯೇ. ಟ್ಯೂರಿಂಗ್ 1952ರಲ್ಲಿ, ಸಾಯುವ ಎರಡು ವರ್ಷ ಮೊದಲು, ಎರಡು ರಾಸಾಯನಿಕಗಳ ಒಂದು ಲೆಕ್ಕ ಬರೆದ: ಒಂದು ತನ್ನನ್ನೂ ಇನ್ನೊಂದನ್ನೂ ಹೆಚ್ಚಿಸುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ ಮತ್ತು ಬೇಗ ಹರಡುತ್ತದೆ. ಎಲ್ಲವನ್ನೂ ಕಲಸಿ ಸಮ ಮಾಡಬೇಕಾದ ಹರಡುವಿಕೆಯೇ ಇಲ್ಲಿ ಪಟ್ಟೆಗಳನ್ನು ಎಬ್ಬಿಸುತ್ತದೆ. ಈ ಲೆಕ್ಕ ನಿಜವಾದರೆ ಪಟ್ಟೆಗಳ ಎಣಿಕೆ ಸ್ಥಿರವಾಗಿರಬಾರದು, ಅಂತರ ಸ್ಥಿರವಾಗಿರಬೇಕು. ಜಪಾನಿನ ಶಿಗೆರು ಕೊಂಡೊ ಮತ್ತು ರಿಹಿಟೊ ಅಸಾಯಿ 1995ರಲ್ಲಿ ಏಂಜಲ್ ಮೀನುಗಳಲ್ಲಿ ಇದನ್ನೇ ಕಂಡರು: ಮೀನು ದೊಡ್ಡದಾದಂತೆ ಹಳೆಯ ಪಟ್ಟೆಗಳು ದೂರವಾಗಿ ಉಳಿಯಲಿಲ್ಲ, ನಡುವೆ ಹೊಸ ಪಟ್ಟೆಗಳು ಬಂದವು. ಚುಕ್ಕೆಯ ಮೈಗೆ ಪಟ್ಟೆಯ ಬಾಲ ಇರಬಹುದು, ಪಟ್ಟೆಯ ಮೈಗೆ ಚುಕ್ಕೆಯ ಬಾಲ ಇರಲಾರದು ಎಂದು ಜೇಮ್ಸ್ ಮರ್ರಿ ಹೇಳಿದ್ದು ಇದೇ ಲೆಕ್ಕದಿಂದ. ಬಾಲ ಕಿರಿದಾಗುತ್ತ ಹೋದಂತೆ ಚುಕ್ಕೆಗೆ ಜಾಗ ಸಾಲದೆ ಅದು ಉಂಗುರವಾಗುತ್ತದೆ. ನಾಗರಹೊಳೆಯ ಚಿರತೆಯ ಬಾಲದ ತುದಿಯಲ್ಲಿ ಇದು ಕಾಣುತ್ತದೆ. ಗಣಿತ ಇಲ್ಲಿ ಏನು ಆಗಲಾರದು ಎಂದು ಹೇಳುತ್ತಿದೆ.

ಇಷ್ಟು ಹೇಳಿ, ನನ್ನ ಪಕ್ಷದವರ ಮೇಲೂ ಅದೇ ಅಳತೆಗೋಲು ಇಡಬೇಕು. ಸುವರ್ಣ ಅನುಪಾತವನ್ನು ಬಿಟ್ಟವರು ಟ್ಯೂರಿಂಗ್ ಸಮೀಕರಣವನ್ನೇ ಹೊಸ ಮಂತ್ರ ಮಾಡಿಕೊಳ್ಳುವುದುಂಟು. ಹಣ್ಣುನೊಣದ ಭ್ರೂಣದಲ್ಲಿ ಒಂದು ಜೀನ್ ಸಮಾನ ಅಂತರದ ಏಳು ಪಟ್ಟೆಗಳಲ್ಲಿ ಕೆಲಸ ಮಾಡುತ್ತದೆ. ಟ್ಯೂರಿಂಗ್ ಪಟ್ಟೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎನ್ನಿಸುವಷ್ಟು ಅಚ್ಚುಕಟ್ಟು. ಬಿಡಿಸಿ ನೋಡಿದಾಗ ಅದು ಟ್ಯೂರಿಂಗ್ ಪಟ್ಟೆ ಅಲ್ಲವೇ ಅಲ್ಲ; ಹೆಚ್ಚುಕಡಿಮೆ ಪ್ರತಿ ಪಟ್ಟೆಗೂ ಪ್ರತ್ಯೇಕ ಸ್ವಿಚ್ಚು ಇತ್ತು. ಸೊಗಸಿಲ್ಲದ ದಾರಿಯಲ್ಲಿ ಸೊಗಸಾದ ಪಟ್ಟೆ ಎಂದು ಮೈಕಲ್ ಏಕಮ್ 1989ರಲ್ಲಿ ಇದನ್ನು ಗುರುತಿಸಿದ. ಬೆರಳಚ್ಚಿನ ಗೆರೆಗಳನ್ನು ಬಹುಕಾಲ ಚರ್ಮದ ಪದರ ಬಾಗಿ ಎದ್ದ ಸುಕ್ಕು ಎಂದು ವಿವರಿಸುತ್ತಿದ್ದರು. 2023ರಲ್ಲಿ ಎಡಿನ್‌ಬರೊ ಗುಂಪು ಅವು ಬೆರಳ ತುದಿಯ ಮೂರು ಜಾಗಗಳಿಂದ ಅಲೆಯಂತೆ ಹಬ್ಬುವ ಟ್ಯೂರಿಂಗ್ ಪಟ್ಟೆಗಳು ಎಂದು ತೋರಿಸಿತು. ಮೊಸಳೆಯ ತಲೆಯ ಮೇಲಿನ ಹುರುಪೆಗಳದ್ದು ಇದಕ್ಕಿಂತ ದೊಡ್ಡ ಪಾಠ. ಅವು ಒಣಮಣ್ಣಿನ ಬಿರುಕಿನಂತೆ ಚರ್ಮ ಸೀಳಿ ಆದವು ಎಂದು ಜಿನೀವಾದ ಮಿಶೆಲ್ ಮಿಲಿಂಕೊವಿಚ್ ಗುಂಪು 2013ರಲ್ಲಿ ಹೇಳಿತ್ತು. ಅದೇ ಗುಂಪು 2024ರಲ್ಲಿ ಭ್ರೂಣಗಳನ್ನು ಪರೀಕ್ಷಿಸಿ, ಇವು ಬಿರುಕಲ್ಲ, ಚರ್ಮ ಕೆಳಗಿನ ಅಂಗಾಂಶಕ್ಕಿಂತ ಬೇಗ ಬೆಳೆದು ಮಡಚಿಕೊಂಡದ್ದು ಎಂದು ತಾನೇ ತಿದ್ದಿತು. ಚರ್ಮದ ಬೆಳವಣಿಗೆ ಹೆಚ್ಚಿಸುವ ಪ್ರೋಟೀನನ್ನು ಮೊಟ್ಟೆಯೊಳಗೆ ಕೊಟ್ಟಾಗ ಮಡಿಕೆಗಳು ಮಿದುಳಿನಂತೆ ಸುತ್ತಿಕೊಂಡವು.

ನೋಟ ನಂಬಿ ಕಾರಣ ಹೇಳಿದರೆ ತಪ್ಪುತ್ತದೆ ಎಂಬುದಕ್ಕೆ ನೀರಿನಲ್ಲಿ ನೆನೆದ ಬೆರಳು ಸುಕ್ಕಾಗುವುದು ಇನ್ನೂ ಸರಳ ಉದಾಹರಣೆ. ಚರ್ಮ ನೀರು ಹೀರಿ ಉಬ್ಬುತ್ತದೆ ಎಂಬುದು ಎಲ್ಲರ ಉತ್ತರ. ಆದರೆ ನರಕ್ಕೆ ಏಟಾದ ಬೆರಳು ಎಷ್ಟು ಹೊತ್ತು ನೆನೆದರೂ ಸುಕ್ಕಾಗುವುದಿಲ್ಲ. ವೈದ್ಯರಿಗೆ ಇದು 1930ರ ದಶಕದಿಂದಲೇ ಗೊತ್ತು, ನರದ ಪರೀಕ್ಷೆಗೆ ಇದನ್ನು ಬಳಸಿದ್ದೂ ಇದೆ. ನರದ ಆಜ್ಞೆಯಿಂದ ರಕ್ತನಾಳಗಳು ಕಿರಿದಾಗಿ ಬೆರಳ ಒಳಗಿನ ಗಾತ್ರ ಇಳಿಯುತ್ತದೆ, ಮೇಲಿನ ಚರ್ಮ ಹೆಚ್ಚಾಗಿ ಸುಕ್ಕುಗಟ್ಟುತ್ತದೆ. ಉಬ್ಬಿದರೂ ಸುಕ್ಕು, ಒಳಗೆ ಕುಗ್ಗಿದರೂ ಸುಕ್ಕು. ನೋಟಕ್ಕೆ ಎರಡೂ ಒಂದೇ. ಹೊಂದಿಕೆ ಕಂಡ ಕೂಡಲೇ ಕಾರಣ ಸಿಕ್ಕಿತು ಎನ್ನುವವರಿಗೆ ಈ ಒಂದು ಬೆರಳು ಸಾಕು.

ಸುವರ್ಣ ಅನುಪಾತದ ಪರವಾಗಿ ಒಂದೇ ಒಂದು ವಾದ ನನಗೆ ತೂಕದ್ದು ಎನಿಸುತ್ತದೆ: ಅದರಿಂದ ಮಕ್ಕಳಿಗೆ ಗಣಿತದ ಮೇಲೆ ಪ್ರೀತಿ ಹುಟ್ಟುತ್ತದೆ. ಹುಟ್ಟಬಹುದು. ಆದರೆ ಒಂದು ಮಗು ನಾಟಿಲಸ್ ಚಿತ್ರದ ಮೇಲೆ ನಿಜವಾಗಿಯೂ ಅಡಿಪಟ್ಟಿ ಇಟ್ಟು ಅಳೆದು, 1.618 ಬರದೆ, ತಾನೇ ತಪ್ಪಾಗಿ ಅಳೆದೆ ಎಂದುಕೊಂಡರೆ? ಅಳೆಯುವ ಧೈರ್ಯ ಮಾಡಿದ ಮಗುವಿಗೇ ಆ ಚಿತ್ರ ಅನ್ಯಾಯ ಮಾಡುತ್ತದೆ. ಬೆರಗು ಬೇಕಾದರೆ ಅದೇ ಮಗುವಿನ ಕೈಗೆ ಎರಡು ಪ್ಲಾಸ್ಟಿಕ್ ಕವರು ಕೊಡಿ, ಒಂದು ತೆಳು, ಒಂದು ದಪ್ಪ. ನಿಧಾನವಾಗಿ ಹರಿಯಲಿ. ಹರಿದ ಅಂಚು ಹಿಗ್ಗಿ ಅಲೆಅಲೆಯಾಗಿ ಏಳುತ್ತದೆ, ದೊಡ್ಡ ಅಲೆಯ ಮೇಲೆ ಚಿಕ್ಕ ಅಲೆ ಕೂರುತ್ತದೆ. ಎರಾನ್ ಶರೋನ್, ಹ್ಯಾರಿ ಸ್ವಿನಿ ಮತ್ತು ಸಂಗಡಿಗರು 2002ರಲ್ಲಿ 'ನೇಚರ್' ಪತ್ರಿಕೆಗೆ ಬರೆದದ್ದು ಇದನ್ನೇ ನೋಡಿ. ಎರಡೂ ಕವರುಗಳ ಅಂಚಿನ ಅತಿ ಚಿಕ್ಕ ಅಲೆಗಳನ್ನು ಅಳೆದು ಪಟ್ಟಿ ಮಾಡಲಿ. ತೆಳು ಕವರಿನಲ್ಲಿ ಅಲೆ ಯಾಕೆ ಸಣ್ಣದು ಎಂದು ಮಗು ಕೇಳಿದರೆ, ಮೇಷ್ಟ್ರು ಸ್ನ್ಯಾಪ್‌ಡ್ರ್ಯಾಗನ್ ಎಲೆಯ ಚಿತ್ರವನ್ನು ಪಕ್ಕಕ್ಕಿಟ್ಟು ಅಲ್ಲಿಂದ ಪಾಠ ಶುರು ಮಾಡಬಹುದು.